ಚೀಟಿಯ ಬೆನ್ನನ್ನೂ ತೋರಿಸಿ

ಅಂಚೆಚೀಟಿ ಪ್ರಿಯರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಆನ್‌ಲೈನ್‌ನಲ್ಲಿ ಚೀಟಿ ಮಾರುವುದು, ಕೊಳ್ಳುವುದು, ಅದರಲ್ಲಿ ಆಗುವ ಜಗಳ. ಹೊಸ ಚೀಟಿಗಳ ಪರಿಚಯವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ. ನಾನು ಮಂಗಳೂರಿನ ಮಣ್ಣಗುಡ್ಡೆಯಲ್ಲಿ ಕೂತು ಚೀಟಿ ಕೂಡಿಡುತ್ತೇನೆ, ಜಾಸ್ತಿ ಆದದ್ದನ್ನು ಮಾರುತ್ತೇನೆ ಕೂಡ. ಎರಡೂ ಕಡೆಯ ಕಷ್ಟ ಗೊತ್ತಿದೆ. ಆದರೂ ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಕೊಳ್ಳುವವರ ಕಡೆಗೆ. ಚೀಟಿ ಇರುವುದು ಮಾರುವವರ ಕೈಯಲ್ಲಿ. ಕೊಳ್ಳುವವರಿಗೆ ಸಿಗುವುದು ಒಂದು ಫೋಟೋ.

ಪ್ರಶ್ನೆ: ಅಜ್ಜನ ಆಲ್ಬಮ್‌ನಲ್ಲಿ 1948ರ ಗಾಂಧೀಜಿ ಚೀಟಿಗಳ ಸೆಟ್ ಇದೆ, ಹತ್ತು ರೂಪಾಯಿಯದ್ದೂ ಸೇರಿ ನಾಲ್ಕೂ. ಮೊಹರು ಬಿದ್ದಿಲ್ಲ. ಆದರೆ ಹಿಂದುಗಡೆ ಆಲ್ಬಮ್‌ಗೆ ಅಂಟಿಸಿದ ಕಾಗದದ ಗುರುತು ಇದೆ. ಹತ್ತು ರೂಪಾಯಿ ಚೀಟಿಯ ಗೋಂದು ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ‘ಮಿಂಟ್, ಅಂದರೆ ಬಳಸದ ಹೊಸ ಚೀಟಿ, ಅಂತ ಹಾಕು, ಕೇಳಿದವರಿಗೆ ಮಾತ್ರ ಉಳಿದದ್ದು ಹೇಳು’ ಅಂತಾರೆ ನಮ್ಮ ಭಾವ. ಏನು ಮಾಡಲಿ? (ಅಂಬಲಪಾಡಿ, ಉಡುಪಿ)

ಉತ್ತರ: ಭಾವನ ಮಾತನ್ನು ಪಕ್ಕಕ್ಕಿಡಿ. ಹಳಬರು ಹೇಗೂ ಕೇಳುತ್ತಾರೆ, ಅವರ ಚಿಂತೆ ಇಲ್ಲ. ಹೊಸದಾಗಿ ಶುರುಮಾಡಿದವರು ‘ಹಿಂಜ್ ಗುರುತು (ಆಲ್ಬಮ್‌ಗೆ ಅಂಟಿಸಿದ ಕಾಗದದ ಗುರುತು) ಇದೆಯಾ, ಗೋಂದು ಹೇಗಿದೆ’ ಅಂತ ಕೇಳುವುದಿಲ್ಲ. ಕೇಳಬೇಕು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಕೇಳಿದರೆ ಮಾತ್ರ ಹೇಳುವುದು ಅಂದರೆ ತಿಳಿಯದವರ ಹತ್ತಿರ ಜಾಸ್ತಿ ಹಣ ತೆಗೆದುಕೊಂಡ ಹಾಗೆ.

ನಿಮ್ಮ ಹತ್ತಿರ ಇರುವುದು ಒಳ್ಳೆಯ ಸೆಟ್. ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬಿದ ದಿನ, 1948ರ ಆಗಸ್ಟ್ 15ರಂದು ಬಂದದ್ದು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಇವು ಅಚ್ಚಾದದ್ದು ನಮ್ಮ ಸರ್ಕಾರಿ ಮುದ್ರಣಾಲಯ ಇರುವ ನಾಸಿಕ್‌ನಲ್ಲಲ್ಲ, ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ. ‘ಬಾಪು’ ಅಂತ ನಾಗರಿಯಲ್ಲೂ ಉರ್ದುವಿನಲ್ಲೂ ಬರೆದಿದೆ, ನೋಡಿ. ಆ ಕಾಲಕ್ಕೆ ಹತ್ತು ರೂಪಾಯಿ ಸಣ್ಣ ಮೊತ್ತ ಅಲ್ಲ. ಎಲ್ಲರೂ ಕೊಂಡು ಇಟ್ಟುಕೊಳ್ಳುವ ಚೀಟಿ ಅದಾಗಿರಲಿಲ್ಲ. ಅದಕ್ಕೇ ಇವತ್ತಿಗೂ ಅಷ್ಟು ಬೇಡಿಕೆ, ನಕಲಿಗಳ ಕಾಟವೂ ಅದಕ್ಕೇ.

ಹಿಂಜ್ ಗುರುತು ಇರುವುದು ನಾಚಿಕೆಯ ವಿಷಯ ಅಲ್ಲ. ಅಜ್ಜನ ಕಾಲದಲ್ಲಿ ಸಣ್ಣ ಕಾಗದದ ತುಂಡನ್ನು ಮಡಚಿ, ಒದ್ದೆ ಮಾಡಿ, ಅದರಿಂದಲೇ ಚೀಟಿಯನ್ನು ಪುಟಕ್ಕೆ ಅಂಟಿಸುತ್ತಿದ್ದರು. ಒಳ್ಳೆಯ ಸಂಗ್ರಹಕಾರರು ಹಾಗೇ ಮಾಡುತ್ತಿದ್ದರು. ಆದರೆ ಈಗಿನ ಮಾರುಕಟ್ಟೆಯಲ್ಲಿ ಹಿಂಜ್ ಮುಟ್ಟದ ಗೋಂದಿಗೆ ಬೇರೆಯೇ ಬೆಲೆ. ವ್ಯತ್ಯಾಸ ಸಣ್ಣದಲ್ಲ. ಅಂದಮೇಲೆ ಬೆನ್ನು ತೋರಿಸದೆ ಬರೀ ‘ಮಿಂಟ್’ ಅಂತ ಹಾಕಿದರೆ ಕೊಳ್ಳುವವರು ಯಾವ ಬೆಲೆ ಲೆಕ್ಕ ಹಾಕುತ್ತಾರೆ ಅಂತ ನಿಮಗೂ ಗೊತ್ತು, ಭಾವನಿಗೂ ಗೊತ್ತು.

ನಮ್ಮ ಊರಿನವರು ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡದೆ ದುಡ್ಡು ಕೊಡುವುದಿಲ್ಲ, ಅಲ್ವಾ? ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಆ ಕಿವಿರು ಎತ್ತುವ ಅವಕಾಶ ಇಲ್ಲ. ನೀವೇ ಎತ್ತಿ ತೋರಿಸಬೇಕು.

ನಾನಾದರೆ ಹೀಗೆ ಬರೆಯುತ್ತೇನೆ: ‘1948 ಗಾಂಧಿ, ನಾಲ್ಕು ಚೀಟಿಗಳ ಪೂರ್ತಿ ಸೆಟ್. ಬಳಸಿಲ್ಲ. ನಾಲ್ಕಕ್ಕೂ ಹಿಂಜ್ ಗುರುತು ಇದೆ. ಹತ್ತು ರೂಪಾಯಿ ಚೀಟಿಯ ಹಿಂದೆ ಒಂದು ಮೂಲೆಯಲ್ಲಿ ಗೋಂದು ಕಂದಾಗಿದೆ, ಮುಂದುಗಡೆ ಕಾಣುವುದಿಲ್ಲ. ಅಂಚಿನ ಹಲ್ಲುಗಳು ಪೂರ್ತಿ ಇವೆ. ತಜ್ಞರ ಪ್ರಮಾಣಪತ್ರ ಇಲ್ಲ. ಪರೀಕ್ಷೆ ಮಾಡಿಸಿ ನಕಲಿ ಎಂದಾದರೆ ಪೂರ್ತಿ ಹಣ ವಾಪಸ್.’ ಇಷ್ಟು ಸಾಕು. ‘ಅಪರೂಪ’, ‘ಲಕ್ಷಕ್ಕೊಂದು’ ಇವೆಲ್ಲ ಬೇಡ. ಬಣ್ಣ ಮುಂದುಗಡೆ ಕಾಣುತ್ತದೋ ಇಲ್ಲವೋ, ಹಲ್ಲು ಪೂರ್ತಿ ಇವೆಯೋ ಇಲ್ಲವೋ ಅಂತ ನೀವೇ ಬೆಳಕಿನಲ್ಲಿ ಹಿಡಿದು ನೋಡಿ ಬರೆಯಿರಿ. ನನ್ನ ವಾಕ್ಯವನ್ನು ಹಾಗೇ ನಕಲು ಮಾಡಬೇಡಿ.

ಫೋಟೋ ವಿಷಯದಲ್ಲಿ ಎರಡು ಮಾತು. ಮೊಬೈಲ್ ತಾನಾಗಿಯೇ ಬಣ್ಣ ಏರಿಸುತ್ತದೆ. ಬಿಳಿ ಇನ್ನೂ ಬೆಳ್ಳಗಾಗುತ್ತದೆ, ಕಂದು ಕಲೆ ಮಾಯವಾಗುತ್ತದೆ. ನೀವು ಬೇಕಂತ ಮಾಡಿದ್ದಲ್ಲ, ಆದರೂ ಕೊಳ್ಳುವವರ ಕಣ್ಣಿಗೆ ಸುಳ್ಳು ಬಿತ್ತು. ಸ್ಕ್ಯಾನರ್ ಸಿಕ್ಕಿದರೆ ಒಳ್ಳೆಯದು. ಚೀಟಿಯ ಅಡಿಗೆ ಕಪ್ಪು ಕಾಗದ ಇಡಿ, ಆಗ ಹಲ್ಲುಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತವೆ. ಬೆನ್ನಿನ ಫೋಟೋ ತೆಗೆಯುವಾಗ ಕಿಟಕಿಯ ಬೆಳಕು ಓರೆಯಾಗಿ ಬೀಳಲಿ. ಗೋಂದು ಕಿತ್ತುಬಂದ ಜಾಗ ಮಂಕಾಗಿ, ಉಳಿದ ಭಾಗ ಹೊಳಪಾಗಿ ಎದ್ದು ಕಾಣುತ್ತದೆ.

ಹಾಕುವ ಮೊದಲು ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದು ಹತ್ತು ರೂಪಾಯಿಯದ್ದನ್ನು ನೋಡಿ. ಅಸಲಿ ಫೋಟೋಗ್ರೇವ್ಯೂರ್ ಅಚ್ಚು. ಗಾಂಧೀಜಿಯ ಮುಖದ ನೆರಳು ಸಣ್ಣ ಜಾಲರಿಯ ಹಾಗೆ ಒಂದೇ ಬಣ್ಣದಲ್ಲಿ ಹರಡಿರುತ್ತದೆ. ನೀಲಿ, ಹಳದಿ, ಗುಲಾಬಿ ಚುಕ್ಕೆಗಳು ಬೇರೆಬೇರೆಯಾಗಿ ಕಂಡರೆ ಅದು ಇತ್ತೀಚೆಗೆ ಆಫ್‌ಸೆಟ್‌ನಲ್ಲಿ ಮಾಡಿದ್ದು, ಮಾರಾಟದ ಯೋಚನೆ ಅಲ್ಲಿಗೇ ಬಿಡಿ. ಅಸಲಿಯ ಹಲ್ಲಿನ ಅಳತೆ ಹನ್ನೊಂದೂವರೆ. ಅಂದರೆ ಎರಡು ಸೆಂಟಿಮೀಟರಿಗೆ ಹನ್ನೊಂದೂವರೆ ರಂಧ್ರ. ಅಳೆಯುವ ಪಟ್ಟಿ ಕಡಿಮೆ ಬೆಲೆಗೆ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆ ಗೋಂದು ತೊಳೆದು ಹೊಸ ಗೋಂದು ಹಚ್ಚಿಕೊಡುತ್ತೇವೆ ಅನ್ನುವವರು ನಿಮಗೆ ಸಿಗಬಹುದು. ಅವರ ಹತ್ತಿರ ಹೋಗಬೇಡಿ. ಇಂಥ ಚೀಟಿಗಳಿಗೆ ಮುದ್ರಣಾಲಯದಲ್ಲಿ ಮೊದಲು ಗೋಂದು, ಆಮೇಲೆ ರಂಧ್ರ. ಹಾಗಾಗಿ ಹರಿದ ಹಲ್ಲಿನ ತುದಿಯಲ್ಲಿ ಕಾಗದದ ನಾರು ಮೆತ್ತಗೆ, ಬಿಡಿಬಿಡಿಯಾಗಿ ಇರುತ್ತದೆ. ಆಮೇಲೆ ಹಚ್ಚಿದ ಗೋಂದು ಆ ನಾರಿಗೂ ಹತ್ತಿ ತುದಿ ಗಟ್ಟಿಯಾಗಿಬಿಡುತ್ತದೆ. ಬೆರಳಿಗೇ ಗೊತ್ತಾಗುತ್ತದೆ. ನಿಮ್ಮ ಅಜ್ಜ ಅಷ್ಟು ಜೋಪಾನ ಮಾಡಿದ ಚೀಟಿಗೆ ಆ ಗತಿ ಬೇಡ.

ಇಷ್ಟೆಲ್ಲ ಬರೆದರೆ ಬೆಲೆ ಕಮ್ಮಿ ಬರುತ್ತದೆ ಅಂತಾರೆ ಭಾವ. ಹೌದು, ಬರುತ್ತದೆ. ನಿಮ್ಮ ಚೀಟಿಗೆ ನ್ಯಾಯವಾಗಿ ಇರುವ ಬೆಲೆಯೇ ಅದು.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಮಾವ ಕುವೈತ್‌ನಲ್ಲಿ ಕೆಲಸ ಮಾಡಿ ಬಂದವರು. ಅವರು ಕೊಟ್ಟ ಚೀಟಿಗಳಲ್ಲಿ ಐದನೇ ಜಾರ್ಜ್ ಚಿತ್ರದ, ‘ಕುವೈತ್’ ಅಂತ ಮೇಲೆ ಅಚ್ಚಾದ ರೂಪಾಯಿ ಮೌಲ್ಯದ ಒಂದನ್ನು ‘ನೂರಕ್ಕೆ ನೂರು ಒರಿಜಿನಲ್’ ಅಂತ ಹಾಕಿ 9,000 ರೂಪಾಯಿಗೆ ಮಾರಿದೆ. ನಾಲ್ಕು ತಿಂಗಳ ಮೇಲೆ ಕೊಂಡವರು ಲಂಡನ್ನಿನ ತಜ್ಞರ ಪ್ರಮಾಣಪತ್ರ ಕಳಿಸಿದ್ದಾರೆ, ಮೇಲಿನ ಅಚ್ಚು ನಕಲಿಯಂತೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಣ ಕಾಲೇಜು ಫೀಸಿಗೆ ಹೋಗಿಯಾಯಿತು. ಈಗ ವಾಪಸ್ ಕೊಡಬೇಕಾ? (ಸುರತ್ಕಲ್)

ಉತ್ತರ: ಕೊಡಬೇಕು. ನಿಮ್ಮನ್ನು ಮೋಸಗಾರ ಅಂತ ನಾನು ಅಂದುಕೊಂಡಿಲ್ಲ. ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ. ಆದರೆ ನೀವು ಬರೆದ ಮಾತು ‘ಮಾವ ಕೊಟ್ಟದ್ದು, ನನಗೆ ಪರೀಕ್ಷೆ ಮಾಡಲು ಬರುವುದಿಲ್ಲ’ ಅಂತ ಅಲ್ಲ, ‘ನೂರಕ್ಕೆ ನೂರು ಒರಿಜಿನಲ್’ ಅಂತ. ಆ ಭರವಸೆ ನಂಬಿಯೇ ಅವರು ಒಂಬತ್ತು ಸಾವಿರ ಕೊಟ್ಟರು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 18ನೇ ಕಲಂ ಓದಿ. ಆಧಾರ ಇಲ್ಲದೆ ಒಂದು ಸಂಗತಿಯನ್ನು ಖಚಿತವಾಗಿ ಹೇಳಿ ಅದು ಸುಳ್ಳಾದರೆ, ಹೇಳಿದವನು ತಾನು ನಿಜ ಅಂತಲೇ ನಂಬಿದ್ದರೂ ಅದು ತಪ್ಪು ನಿರೂಪಣೆಯೇ. ಅದನ್ನು ನಂಬಿ ಕೊಂಡವರು ಆ ವ್ಯವಹಾರವನ್ನು ರದ್ದು ಮಾಡಬಹುದು. ನೂರೈವತ್ತು ವರ್ಷ ದಾಟಿದ ಈ ಕಾನೂನು ನಿಮ್ಮ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಬರೆದ ಹಾಗಿದೆ.

ಈ ಚೀಟಿಗಳ ಕಥೆ ಗೊತ್ತಿದ್ದರೆ ಯಾಕೆ ನಕಲಿ ಬರುತ್ತದೆ ಅಂತಲೂ ಗೊತ್ತಾಗುತ್ತದೆ. ನಮ್ಮ ಕರಾವಳಿಯವರು ಗಲ್ಫಿಗೆ ಹೋಗುವುದಕ್ಕೆ ಎಷ್ಟೋ ಮೊದಲೇ ಭಾರತದ ಅಂಚೆ ಅಲ್ಲಿಗೆ ಹೋಗಿತ್ತು. ಮಸ್ಕತ್‌ನಲ್ಲಿ 1864ರಲ್ಲಿ, ಬಹರೈನ್‌ನಲ್ಲಿ 1884ರಲ್ಲಿ, ದುಬೈಯಲ್ಲಿ 1909ರಲ್ಲಿ ಭಾರತದ ಅಂಚೆ ಕಚೇರಿ ಶುರುವಾಯಿತು. ಕುವೈತ್‌ನಲ್ಲಿ 1923ರಿಂದ ಭಾರತದ ಐದನೇ ಜಾರ್ಜ್ ಚೀಟಿಗಳ ಮೇಲೆಯೇ ಊರಿನ ಹೆಸರು ಅಚ್ಚು ಹಾಕಿ ಮಾರಿದರು. ಹೆಸರಿಲ್ಲದ ಮಾಮೂಲಿ ಜಾರ್ಜ್ ಚೀಟಿ ಕಮ್ಮಿ ಬೆಲೆಗೆ ಸಿಗುತ್ತದೆ, ಹೆಸರಿರುವ ದೊಡ್ಡ ಮೌಲ್ಯದ್ದು ದುಬಾರಿ. ಪೂರ್ತಿ ಚೀಟಿ ನಕಲು ಮಾಡುವುದು ಕಷ್ಟ, ಆರು ಅಕ್ಷರ ಅಚ್ಚು ಹಾಕುವುದು ಸುಲಭ. ಸರ್ಕಾರಿ ಕಚೇರಿಯ ಬಳಕೆಗೆ ಗಾಂಧೀಜಿ ಚೀಟಿಗಳ ಮೇಲೆ ‘ಸರ್ವಿಸ್’ ಅಂತ ಅಚ್ಚು ಹಾಕಿದ್ದೂ ಹೀಗೇ. ಗವರ್ನರ್ ಜನರಲ್ ಕಚೇರಿಗೆ ಅಂತ ಹತ್ತು ರೂಪಾಯಿಯದ್ದರಲ್ಲಿ ನೂರು ಚೀಟಿಗಳಿಗೆ ಮಾತ್ರ ಆ ಅಚ್ಚು ಬಿತ್ತು. ಅಂಥ ನಾಲ್ಕು ಚೀಟಿಗಳ ಒಂದು ಸಾಲು 2017ರಲ್ಲಿ 5 ಲಕ್ಷ ಪೌಂಡಿಗೆ ಹೋಯಿತು. ಒಂದು ಶಬ್ದಕ್ಕೆ ಅಷ್ಟು ಬೆಲೆ ಇದ್ದಮೇಲೆ ಕೈಚಳಕದವರು ಸುಮ್ನೆ ಇರುತ್ತಾರಾ?

ಬಳಸಿದ ಚೀಟಿಯಾದರೆ ಒಂದು ಪರೀಕ್ಷೆ ನೀವೇ ಮಾಡಬಹುದು. ಅಂಚೆ ಮೊಹರಿನ ಗೆರೆ ಮತ್ತು ಮೇಲಿನ ಅಚ್ಚಿನ ಅಕ್ಷರ ಒಂದನ್ನೊಂದು ದಾಟುವ ಜಾಗ ಹುಡುಕಿ. ಲೆನ್ಸ್ ಇಟ್ಟು ನೋಡಿ, ಯಾವ ಶಾಯಿ ಮೇಲಿದೆ? ಅಸಲಿಯಲ್ಲಿ ಅಕ್ಷರ ಮೊದಲು ಬಿದ್ದದ್ದು, ಮೊಹರು ಆಮೇಲೆ. ಅಕ್ಷರದ ಶಾಯಿ ಮೊಹರನ್ನು ಮುಚ್ಚಿಕೊಂಡು ಕೂತಿದ್ದರೆ, ಚೀಟಿ ಅಂಚೆಯಲ್ಲಿ ಓಡಾಡಿ ಮುಗಿದ ಮೇಲೆ ಯಾರೋ ಅಚ್ಚು ಹಾಕಿದ್ದಾರೆ ಅಂತ ಅರ್ಥ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಎಲ್ಲ ಚೀಟಿಯಲ್ಲೂ ಇದು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೇ ತಜ್ಞರ ಸಮಿತಿಗಳು ಇರುವುದು.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಮೊದಲು ಪ್ರಮಾಣಪತ್ರದಲ್ಲಿರುವ ಚಿತ್ರವನ್ನೂ ನೀವು ಮಾರುವಾಗ ಹಾಕಿದ ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊಹರು ಬಿದ್ದ ಜಾಗ, ಗಿಡ್ಡವಾದ ಹಲ್ಲು, ಚಿತ್ರ ಯಾವ ಕಡೆಗೆ ಸರಿದಿದೆ, ಇವು ಹೊಂದಬೇಕು. ನಿಮ್ಮ ಚೀಟಿ ಇಟ್ಟುಕೊಂಡು ಬೇರೆ ನಕಲಿ ಕಳಿಸುವವರೂ ಇದ್ದಾರೆ. ಆ ಅನುಮಾನ ಪರಿಹರಿಸಿಕೊಳ್ಳುವುದು ನಿಮ್ಮ ಹಕ್ಕು. ಒಂದೇ ಚೀಟಿ ಅಂತ ಗೊತ್ತಾದ ಮೇಲೆ ವಾದ ಬೇಡ. ಒಂಬತ್ತು ಸಾವಿರವನ್ನೂ ಅಂಚೆ ಖರ್ಚನ್ನೂ ಕೊಡಿ. ಪ್ರಮಾಣಪತ್ರದ ಶುಲ್ಕ ಯಾರು ಹೊರಬೇಕು ಅನ್ನುವುದನ್ನು ಮಾರುವಾಗಲೇ ಮಾತಾಡಿಕೊಳ್ಳಬೇಕಿತ್ತು. ಮಾತಾಗಿಲ್ಲದಿದ್ದರೆ ಅರ್ಧ ನೀವು ಕೊಡುವುದು ಸರಿ ಅಂತ ನನಗನಿಸುತ್ತದೆ. ಒಟ್ಟಿಗೆ ಕೊಡಲು ಆಗದಿದ್ದರೆ ಇವತ್ತೇ ಫೋನ್ ಮಾಡಿ, ‘ಸರ್, ಇದು ನನ್ನ ಜವಾಬ್ದಾರಿ. ತಿಂಗಳಿಗೆ ಇಷ್ಟರಂತೆ ಕೊಡುತ್ತೇನೆ’ ಅಂತ ಹೇಳಿ, ಅದನ್ನೇ ಬರೆದೂ ಕಳಿಸಿ. ಉತ್ತರ ಕೊಡದೆ ಇರುವುದೇ ಜನರಿಗೆ ಜಾಸ್ತಿ ಸಿಟ್ಟು ತರಿಸುತ್ತದೆ. ಮೊದಲ ಕಂತು ಎಷ್ಟೇ ಚಿಕ್ಕದಿರಲಿ, ಹೇಳಿದ ದಿನ ಹೋಗಲಿ.

ಚೀಟಿ ವಾಪಸ್ ಬಂದ ಮೇಲೆ? ಅದರ ಬೆನ್ನಿಗೆ ಪೆನ್ಸಿಲ್‌ನಲ್ಲಿ ‘ನಕಲಿ ಅಚ್ಚು’ ಅಂತ ಬರೆದು ಇಟ್ಟುಕೊಳ್ಳಿ. ದಯವಿಟ್ಟು ಇನ್ನೊಬ್ಬರಿಗೆ ದಾಟಿಸಬೇಡಿ. ನನ್ನನ್ನು ಜಾಸ್ತಿ ನೋಯಿಸುವುದು ಇದೇ. ಒಂದು ನಕಲಿ ಚೀಟಿ ಸಾಯುವುದಿಲ್ಲ. ಸಿಕ್ಕಿಬಿದ್ದವರು ತಮ್ಮ ನಷ್ಟ ತುಂಬಿಕೊಳ್ಳಲು ಮುಂದಿನವರಿಗೆ ಮಾರುತ್ತಾರೆ, ಅವರು ಅದರ ಮುಂದಿನವರಿಗೆ. ಕೊನೆಗೆ ಅದು ಬಂದು ನಿಲ್ಲುವುದು ಏನೂ ತಿಳಿಯದ ಹೊಸಬರ ಆಲ್ಬಮ್‌ನಲ್ಲಿ. ಅವರು ಬೇಸರಪಟ್ಟು ಈ ಹವ್ಯಾಸವನ್ನೇ ಬಿಡುತ್ತಾರೆ. ನಿಮ್ಮ ಹತ್ತಿರ ನಿಂತರೆ ಅದರ ಓಡಾಟ ಅಲ್ಲಿಗೆ ಮುಗಿಯಿತು.

ಮಾವನ ಜೊತೆ ಜಗಳ ಆಡಬೇಡಿ. ಅವರೂ ಯಾರನ್ನೋ ನಂಬಿ ಕೊಂಡಿರುತ್ತಾರೆ. ಎಲ್ಲಿಂದ ಬಂತು ಅಂತ ಸುಮ್ನೆ ಕೇಳಿ, ಉಳಿದ ಚೀಟಿಗಳ ಬಗ್ಗೆಯೂ ಅಂದಾಜು ಸಿಗುತ್ತದೆ.

ಪ್ರಶ್ನೆ: 1874ರಲ್ಲಿ ಮಂಗಳೂರಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದ ಕ್ರೈಸ್ತ ಮಿಶನ್ ಪತ್ರದ ಕವರ್ ಅಂತ ಆನ್‌ಲೈನ್‌ನಲ್ಲಿ 6,500 ರೂಪಾಯಿಗೆ ಕೊಂಡೆ. ರಾಣಿ ವಿಕ್ಟೋರಿಯಾ ಚಿತ್ರದ ಅರ್ಧ ಆಣೆಯ ಒಂದೇ ಚೀಟಿ ಇದೆ. ಕೈಗೆ ಬಂದ ಮೇಲೆ ಅನುಮಾನ ಬಂತು. ಮೊಹರಿನ ವೃತ್ತ ಚೀಟಿಯ ಅಂಚಿಗೆ ಬಂದು ನಿಂತುಬಿಟ್ಟಿದೆ, ಕವರ್ ಮೇಲೆ ಮುಂದುವರಿದಿಲ್ಲ. ಮಾರಿದವರು ‘ವಾಪಸ್ ಇಲ್ಲ ಅಂತ ಮೊದಲೇ ಹಾಕಿದ್ದೆ’ ಅನ್ನುತ್ತಾರೆ. (ಕುಂದಾಪುರ)

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ. ಫೋಟೋ ನೋಡಿದೆ. ಚೀಟಿಯ ಮೇಲಿನ ಶಾಯಿ ಬೂದು, ಕವರ್ ಮೇಲಿನ ಮೊಹರು ಕಡುಕಪ್ಪು. ಚೀಟಿಯ ಸುತ್ತ ಕಾಗದ ತೆಳು ಬಣ್ಣದ ಚೌಕಟ್ಟಿನ ಹಾಗಿದೆ. ಅಲ್ಲಿ ಮೊದಲು ಇದಕ್ಕಿಂತ ದೊಡ್ಡದೊಂದು ಅಂಟಿಕೊಂಡಿತ್ತು, ಅದರ ಅಡಿ ಬಿಸಿಲು ಬಿದ್ದಿಲ್ಲ.

ದರವೂ ಹೊಂದುವುದಿಲ್ಲ. ಅರ್ಧ ಆಣೆ ಆಗ ದೇಶದೊಳಗಿನ ಹಗುರ ಪತ್ರದ ದರ. ಸಮುದ್ರ ದಾಟಿ ಯುರೋಪಿಗೆ ಹೋಗಲು ಹಲವು ಆಣೆ ಬೇಕಿತ್ತು. ಭಾರತ ಅಂತರರಾಷ್ಟ್ರೀಯ ಅಂಚೆ ಒಕ್ಕೂಟಕ್ಕೆ ಸೇರಿದ್ದೇ 1876ರ ಜುಲೈ 1ರಂದು. ಬಾಸೆಲ್ ಮಿಶನ್ 1834ರಿಂದ ಮಂಗಳೂರಿನಲ್ಲಿತ್ತು, ಅಸಲಿ ಪತ್ರಗಳು ಇವೆ, ಅವಕ್ಕೆ ಆಸಕ್ತರೂ ಇದ್ದಾರೆ. ಅದಕ್ಕೇ ಹಳೆ ಕವರ್‌ಗೆ ಬೇರೆ ಚೀಟಿ ಅಂಟಿಸುವ ಇಂಥ ಜೋಡಣೆ ನಡೆಯುತ್ತದೆ. ಉಳಿದ ಚೀಟಿಗಳು ಉದುರಿಹೋಗಿವೆ ಅಂತ ಅವರು ಅನ್ನಬಹುದು. ಹಾಗಿದ್ದರೆ ಅದನ್ನಾದರೂ ವಿವರದಲ್ಲಿ ಬರೆಯಬೇಕಿತ್ತು.

‘ವಾಪಸ್ ಇಲ್ಲ’ ಅನ್ನುವ ಸಾಲು ಅವರನ್ನು ಕಾಪಾಡುವುದಿಲ್ಲ. ಮನಸ್ಸು ಬದಲಾಯಿತು ಅಂತ ನೀವು ಹಿಂದಿರುಗಿಸಿದರೆ ಆ ಸಾಲು ಹಿಡಿದು ಬೇಡ ಅನ್ನಬಹುದು. ಇಲ್ಲಿ ವಿವರಣೆಯೇ ತಪ್ಪು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ವಿವರ ಹೇಳಿ ಮಾರಿದ ವಸ್ತು ಆ ವಿವರಕ್ಕೆ ಹೊಂದಲೇಬೇಕು. 2020ರ ಇ-ಕಾಮರ್ಸ್ ನಿಯಮಗಳೂ ನಕಲಿ ಅಥವಾ ಜಾಹೀರಾತಿಗೆ ಹೊಂದದ ವಸ್ತುವನ್ನು ಮಾರಾಟಗಾರರು ವಾಪಸ್ ತೆಗೆದುಕೊಳ್ಳಲೇಬೇಕು ಅನ್ನುತ್ತವೆ. ಒಂದು ಮಾತು ನೆನಪಿಡಿ. ಈ ನಿಯಮಗಳು ಅಪರೂಪಕ್ಕೆ ಮನೆಯ ವಸ್ತು ಮಾರುವ ಖಾಸಗಿ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಆದರೆ ನಿಮಗೆ ಮಾರಿದವರ ಪಟ್ಟಿಯಲ್ಲಿ ನೂರಾರು ಕವರ್‌ಗಳಿವೆ, ಅದು ವ್ಯಾಪಾರವೇ.

ಅವರು ಹಾಕಿದ ವಿವರ, ಫೋಟೋ, ನಿಮ್ಮಿಬ್ಬರ ಮಾತುಕತೆ, ಹಣ ಕೊಟ್ಟ ದಾಖಲೆ ಎಲ್ಲದರ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ. ಅವರು ಪುಟ ಅಳಿಸಬಹುದು. ಚೀಟಿಯನ್ನು ಕಿತ್ತು ಪರೀಕ್ಷೆ ಮಾಡಲು ಹೋಗಬೇಡಿ, ಸಾಕ್ಷಿ ಹಾಳಾಗುತ್ತದೆ. ಹದಿನೈದು ದಿನದ ಗಡುವು ಕೊಟ್ಟು ಬರೆಯಿರಿ. ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ಯಾವ ಊರಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು.

ಪ್ರಶ್ನೆ: ನನ್ನ ಚೀಟಿಗೆ ಕ್ಯಾಟಲಾಗ್‌ನಲ್ಲಿ ಒಂದು ಬೆಲೆ ಇದೆ. ಅಷ್ಟೇ ಕೇಳಿದರೆ ತಪ್ಪಾ? (ಮಣಿಪಾಲ)

ಉತ್ತರ: ಕೇಳುವುದು ತಪ್ಪಲ್ಲ. ‘ಮಾರುಕಟ್ಟೆ ಬೆಲೆಯೇ ಇದು’ ಅಂತ ಹೇಳುವುದು ತಪ್ಪು. ಬ್ರಿಟನ್ನಿನ ಚೀಟಿ ಮಾರುವ ಸಂಸ್ಥೆ ಸ್ಟ್ಯಾನ್ಲಿ ಗಿಬ್ಬನ್ಸ್‌ನ ಕ್ಯಾಟಲಾಗ್ ಆ ಸಂಸ್ಥೆ ಒಳ್ಳೆಯ ಸ್ಥಿತಿಯ ಚೀಟಿಯನ್ನು ತಾನು ಮಾರುವ ಬೆಲೆ ಕೊಡುತ್ತದೆ. ನಿಮ್ಮದು ಅದೇ ಸ್ಥಿತಿಯಲ್ಲಿದೆಯಾ? ಆನ್‌ಲೈನ್‌ನಲ್ಲಿ ಜನ ಕೇಳುವ ಬೆಲೆ ಬಿಡಿ, ನಿಜವಾಗಿ ಮಾರಾಟವಾದ ಬೆಲೆ ಹುಡುಕಿ ನೋಡಿ.

ಪ್ರಶ್ನೆ: ವಾಟ್ಸಾಪ್ ಗುಂಪಿನಲ್ಲಿ ಚೀಟಿ ಹರಾಜು ನಡೆಯುತ್ತದೆ. ಮಾರುವವರ ತಮ್ಮನೇ ಬೇರೆ ನಂಬರಿನಿಂದ ಬೆಲೆ ಏರಿಸುತ್ತಾನೆ ಅಂತ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. (ಕಾರ್ಕಳ)

ಉತ್ತರ: ನೀವು ಮಾತಾಡಿ. ಗುಂಪಿನಲ್ಲಿ ಬೇಡ ಅನಿಸಿದರೆ ಗುಂಪು ನಡೆಸುವವರಿಗೆ ನೇರವಾಗಿ ಹೇಳಿ. ಇದು ಚಾಣಾಕ್ಷತನ ಅಲ್ಲ, ಕಳ್ಳತನವೇ. ಒಂದು ಬೆಲೆಗಿಂತ ಕೆಳಗೆ ಕೊಡಲು ಮನಸ್ಸಿಲ್ಲದಿದ್ದರೆ ಆ ಬೆಲೆಯನ್ನೇ ಆರಂಭದ ಬೆಲೆಯಾಗಿ ಹಾಕಬಹುದಲ್ಲ? ನಿಮ್ಮ ಮಟ್ಟಿಗೆ ಒಂದು ಮಿತಿ ಬರೆದಿಟ್ಟುಕೊಂಡು ಅದನ್ನು ದಾಟಬೇಡಿ. ಸರಿಹೋಗದಿದ್ದರೆ ಆ ಗುಂಪು ಬಿಡಿ.

ಪ್ರಶ್ನೆ: ಮಳೆಗಾಲ ಕಳೆದು ಆಲ್ಬಮ್ ತೆಗೆದರೆ ಚೀಟಿಗಳ ಮೇಲೆ ಕಂದು ಚುಕ್ಕೆ ಬಂದಿದೆ. ಔಷಧಿ ಹಾಕಿ ತೆಗೆಸಿ ಮಾರಬಹುದಾ? (ಮಲ್ಪೆ)

ಉತ್ತರ: ನಮ್ಮ ಕಡೆ ಇದು ಮನೆಮನೆಯ ಗೋಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಜೊತೆಗೆ ನಿಮ್ಮಲ್ಲಿ ಉಪ್ಪುಗಾಳಿ. ಆ ಚುಕ್ಕೆ ಹೆಚ್ಚಾಗಿ ಬೂಷ್ಟಿನಿಂದ ಬರುವುದು, ಪಕ್ಕದ ಚೀಟಿಗೂ ಹರಡುತ್ತದೆ. ಮೊದಲು ಅವನ್ನು ಬೇರೆ ಮಾಡಿ. ಬಳಸಿದ ಚೀಟಿಗೆ ಕ್ಲೋರಮಿನ್-ಟಿ ದ್ರಾವಣ ಕೆಲವರು ಉಪಯೋಗಿಸುತ್ತಾರೆ. ಕಲೆ ತಿಳಿಯಾಗುತ್ತದೆ, ಆದರೆ ಬಣ್ಣವೂ ಮಾಸಬಹುದು. ಗೋಂದು ಇರುವ ಚೀಟಿಗೆ ಇದು ಆಗುವುದೇ ಇಲ್ಲ, ನೀರು ಮುಟ್ಟಿದರೆ ಗೋಂದು ಹೋಯಿತು.

ಶುಚಿ ಮಾಡುವುದು ಅಪರಾಧ ಅಲ್ಲ. ಶುಚಿ ಮಾಡಿದ್ದನ್ನು ಬಚ್ಚಿಡಬಾರದು, ಅಷ್ಟೇ. ‘ಕಲೆ ಇತ್ತು, ರಾಸಾಯನಿಕದಿಂದ ತೆಗೆದಿದೆ’ ಅಂತ ಒಂದು ಸಾಲು ಹಾಕಿ. ಒಮ್ಮೆ ಬೂಷ್ಟು ಹಿಡಿದ ಕಾಗದದಲ್ಲಿ ಕಲೆ ಮತ್ತೆ ಏಳಬಹುದು. ಬೆಂಗಳೂರಿನಲ್ಲೋ ಜೈಪುರದಲ್ಲೋ ಇರುವವರಿಗೆ ನಮ್ಮ ಕರಾವಳಿಯ ಹವೆ ಗೊತ್ತಿರುವುದಿಲ್ಲ. ಕೊಂಡವರು ಅದನ್ನು ತಮ್ಮ ಒಳ್ಳೆಯ ಚೀಟಿಗಳ ಪಕ್ಕ ಇಟ್ಟರೆ ಅವರ ಆಲ್ಬಮ್ಮೂ ಹಾಳು. ಮುಂದಿನ ಮಳೆಗೆ ಆಲ್ಬಮ್‌ಗಳನ್ನು ಮಲಗಿಸಬೇಡಿ, ನಿಲ್ಲಿಸಿಡಿ. ಗೋಡೆಗೆ ತಾಗದ ಕಪಾಟು, ಸಿಲಿಕಾ ಜೆಲ್ ಪೊಟ್ಟಣ, ಬಿಸಿಲು ಬಿದ್ದ ದಿನ ಪುಟ ತಿರುವಿ ಗಾಳಿ ಆಡಿಸುವುದು, ಇಷ್ಟು ಮಾಡಿ.

ಪ್ರಶ್ನೆ: ನನ್ನ ಹಳೆ ಚೀಟಿಗೆ 5 ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಅಂತ ಫೋನ್ ಬಂದಿದೆ. ರಿಸರ್ವ್ ಬ್ಯಾಂಕಿನ ಪತ್ರವನ್ನೂ ಕಳಿಸಿದ್ದಾರೆ. (ಉಳ್ಳಾಲ)

ಉತ್ತರ: ಒಂದು ರೂಪಾಯಿಯನ್ನೂ ಕಳಿಸಬೇಡಿ. ತನ್ನ ಹೆಸರು ಬಳಸಿಕೊಂಡು ಹಳೆ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ, ಕಮಿಶನ್ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಚೀಟಿಗೂ ಅದೇ ಆಟ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ನನ್ನ ಹತ್ತಿರ ಡಬಲ್ ಇರುವ ಚೀಟಿಗಳನ್ನು ಆನ್‌ಲೈನ್‌ನಲ್ಲಿ ಮಾರಿ ಹೊಸದು ಕೊಳ್ಳಬೇಕು ಅಂತ ಆಸೆ. ಹೇಗೆ ಶುರುಮಾಡಲಿ ಆಂಟಿ? (ಕದ್ರಿ, ಮಂಗಳೂರು)

ಉತ್ತರ: ನಿನ್ನ ಪತ್ರ ಓದಿ ತುಂಬಾ ಖುಷಿಯಾಯಿತು ಪುಟ್ಟಾ. ಹದಿನೆಂಟು ತುಂಬುವವರೆಗೆ ವ್ಯವಹಾರ ಅಪ್ಪ ಅಥವಾ ಅಮ್ಮನ ಹೆಸರಿನಲ್ಲೇ ನಡೆಯಬೇಕು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡು. ಮೊದಲು ಒಂದೊಂದು ಚೀಟಿಯನ್ನೂ ಲೆನ್ಸ್‌ನಲ್ಲಿ ನೋಡು. ಹರಿದದ್ದು, ಮಡಚಿದ್ದು, ಹಿಂದುಗಡೆ ಕಾಗದ ತೆಳುವಾದದ್ದು ಇದ್ದರೆ ಬೇರೆ ಇಡು. ಅವನ್ನು ಮಾರಲೇಬಾರದು ಅಂತಿಲ್ಲ, ‘ಹರಿದಿದೆ’ ಅಂತ ಬರೆದು ಕಮ್ಮಿಗೆ ಕೊಡಬಹುದು, ಇಲ್ಲ ಗೆಳೆಯರಿಗೆ ಸುಮ್ನೆ ಕೊಡಬಹುದು. ಒಂದು ನೋಟ್‌ಬುಕ್‌ನಲ್ಲಿ ಯಾರಿಗೆ ಯಾವ ಚೀಟಿ ಹೋಯಿತು, ಏನು ಬರೆದು ಮಾರಿದೆ ಅಂತ ಬರೆದಿಡು. ಮುಂದೆ ಯಾರಾದರೂ ಕೇಳಿದರೆ ಉತ್ತರ ಇರುತ್ತದೆ.

ಹೊಸ ಚೀಟಿಗಳಿಗೆ ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿನಲ್ಲಿ ಸಂಗ್ರಹಕಾರರಿಗೆ ಚೀಟಿ ಮಾರುವ ಫಿಲಾಟೆಲಿ ಬ್ಯೂರೋಗೆ ಅಮ್ಮನ ಜೊತೆ ಹೋಗು. ಅಲ್ಲಿ 200 ರೂಪಾಯಿಯಿಂದ ಠೇವಣಿ ಖಾತೆ ತೆರೆದರೆ ಹೊಸ ಚೀಟಿ ಬಂದಾಗೆಲ್ಲ ಮನೆಗೇ ಬರುತ್ತದೆ, ಮುಖಬೆಲೆಗೇ ಸಿಗುತ್ತದೆ.

ಕಳಿಸುವಾಗ ಚೀಟಿಗಳನ್ನು ನುಣುಪಾದ ಗ್ಲಾಸೀನ್ ಲಕೋಟೆಗೆ ಹಾಕಿ ಎರಡು ರಟ್ಟಿನ ನಡುವೆ ಇಡು. ರಟ್ಟಿನ ಸುತ್ತ ಮಳೆಗೆ ಪ್ಲಾಸ್ಟಿಕ್ ಇರಲಿ. ಸೆಲ್ಲೋಟೇಪ್ ಚೀಟಿಯ ಹತ್ತಿರಕ್ಕೂ ಬರಬಾರದು. ಕವರ್‌ಗೆ ಒಂದೆರಡು ಚೆಂದದ ಚೀಟಿ ಅಂಟಿಸಿ, ಕೌಂಟರ್‌ನಲ್ಲಿರುವವರಿಗೆ ‘ಮೊಹರು ಸ್ವಲ್ಪ ನೀಟಾಗಿ ಹೊಡೆಯಿರಿ’ ಅಂತ ಕೇಳಿಕೋ. ಪಡೆದವರು ಆ ಕವರನ್ನೂ ತೆಗೆದಿಟ್ಟುಕೊಳ್ಳುತ್ತಾರೆ.